ಸತ್ತ ಮಂಗ ಕಂಡರೆ ಹೇಳಿ

ಹದಿಮೂರು ದಿನ ನಮ್ಮ ಕಿಟಕಿಗೆ ಒಂದೇ ಬೋರ್ಡು:
ಸರ್ವರ್ ಡೌನ್.
ಬರೆದದ್ದು ನಾನೇ, ಸ್ಕೆಚ್ ಪೆನ್ನಿನಲ್ಲಿ.
ಅಕ್ಷರ ದುಂಡಗಿದೆ ಎಂದು ಪರೀಕ್ಷಾ ವಿಭಾಗದ
ಎಲ್ಲ ಸುಳ್ಳನ್ನೂ ನನ್ನ ಕೈಲೇ ಬರೆಸುತ್ತಾರೆ.

ಕಿಟಕಿಯಾಚೆ ನಿಟ್ಟೂರಿನ ಹುಡುಗಿ,
ಎರಡು ಬಸ್ಸು ಬದಲಿಸಿ ಬಂದವಳು,
"ಮೇಡಂ, ಇವತ್ತಾದ್ರೂ ಅಂಕಪಟ್ಟಿ?" ಅಂದಳು.
ಬೋರ್ಡು ತೋರಿಸಿದೆ.
ಅವಳು ಬೋರ್ಡು ಓದಲಿಲ್ಲ, ನನ್ನ ಮುಖ ಓದಿದಳು.

ನಡೆದದ್ದು ಇಷ್ಟು:
ಶುಕ್ರವಾರ, ಐದಕ್ಕೆ ಹತ್ತು ನಿಮಿಷ,
ಹೊಳೆ ಸ್ಟಾಪಿನಲ್ಲಿ ಬಸ್ಸು ತಪ್ಪೀತೆಂದು
ಬ್ಯಾಗು ಹೆಗಲಿಗೇರಿಸಿ ನಿಂತೇ ನೋಡಿದ ಇಮೇಲು.
ಪ್ರಾಂಶುಪಾಲರ ಹೆಸರು, ಪ್ರಾಂಶುಪಾಲರದೇ ಗದರು,
'ಈ ಕೂಡಲೇ' ಎಂಬ ಅದೇ ಮಾತು.
ವಿಳಾಸದಲ್ಲಿ ಒಂದಕ್ಷರ ಕಡಿಮೆಯಿತ್ತಂತೆ.
ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ
ಮೇಲಿನವರ ಕಾಗದದ ಅಕ್ಷರ ಎಣಿಸಿದವರುಂಟೆ?
ಒತ್ತಿದೆ.
ಸೋಮವಾರ ಐದನೇ ಸೆಮಿಸ್ಟರು ಪೂರ್ತಿ
ತೆರೆಯದ ಕಡತಗಳಾಗಿ ಕೂತಿತ್ತು.
ಬೀಗ ನಮ್ಮದಲ್ಲ. ಕೀಲಿಗೆ ಬೆಲೆ ಕೇಳಿದ್ದರು.

ಊರು ಸೂರೆಹೋದ ಮೇಲೆ
ಕೋಟೆ ಬಾಗಿಲು ಹಾಕುವ ಸಭೆ. ಬೋಂಡ ಬಂತು, ಚಹಾ ಬಂತು.
"ವಿಷಯ ಈ ಹೊಸಿಲು ದಾಟಕೂಡದು.
ನ್ಯಾಕ್ ತಂಡ ಬರೋ ಹೊತ್ತು."
ಗುಟ್ಟೆಂದರೆ ನಮಗೆ ಗೊತ್ತಿದ್ದದ್ದೇ ಹೀಗೆ:
ಪಾಸ್‌ವರ್ಡನ್ನು ಹಳದಿ ಚೀಟಿಯಲ್ಲಿ ಬರೆದು
ಮಾನಿಟರಿನ ಹಣೆಗೆ ಅಂಟಿಸುವುದು,
ಕಳವಾದ ಸುದ್ದಿಯನ್ನು ಕಬ್ಬಿಣದ ಬೀರುವಿನಲ್ಲಿಡುವುದು.

ಕಂಪ್ಯೂಟರ್ ವಿಭಾಗದ ಅಶ್ಫಾಕ್ ಸರ್ ಹಟ ಹಿಡಿದು
ಸೆಮಿನಾರ್ ಹಾಲಿಗೆ ಎಲ್ಲರನ್ನೂ ಕರೆಸಿದರು. ವಿದ್ಯಾರ್ಥಿಗಳನ್ನೂ.
ಪರದೆ ಇಳಿಸಲಿಲ್ಲ, ಪ್ರೊಜೆಕ್ಟರ್ ಹಚ್ಚಲಿಲ್ಲ.
"ಕರೆಂಟ್ ಕಟ್ ಮಾಡ್ತೀವಿ ಅಂತ ಬಂದ ಮೆಸೇಜಿಗೆ
ಒಂಬತ್ತು ಸಾವಿರ ಕಳಕೊಂಡವನು ನಾನು,
ಸೈಬರ್ ಸೆಕ್ಯೂರಿಟಿ ಪಾಠ ಮಾಡೋನು" ಅಂದರು.
ಯಾರೋ ನಕ್ಕರು. ಯಾರೂ ಮಾತಾಡಲಿಲ್ಲ.

ಆಮೇಲೆ ಬಾಗಿಲ ಬಳಿಯಿಂದ, ನೀರಿನ ಜಗ್ಗು ಹಿಡಿದೇ,
ಅಟೆಂಡರ್ ಕೆರಿಯಪ್ಪ:
"ಸಾರ್, ನಮ್ದು ಹಿನ್ನೀರಿನ ಬದಿ.
ಕಾಡಲ್ಲಿ ಮಂಗ ಸತ್ ಬಿದ್ರೆ ನಾವು
ಯಾರ್ ಕೊಂದಿದ್ದು ಅಂತ ಪಂಚಾಯ್ತಿ ಸೇರ್ಸಾದಿಲ್ಲ.
ಆಸ್ಪತ್ರಿಗೆ ಫೋನ್ ಹಚ್ತೀವಿ.
ಒಂದ್ಸಲ ನಮ್ಮಣ್ಣ ಕಂಡೂ ಹೇಳದೇ ಬಿಟ್ಟಿದ್ದ.
ಅದರ ಕತೆ ಈಗ ಬ್ಯಾಡ.
ಈಗ ಒಂದ್ ಮಂಗ ಬಿದ್ರೆ ಇಡೀ ಊರು
ಕೈಕಾಲಿಗೆ ಎಣ್ಣೆ ಹಚ್ಕಂಡೇ ದರಗಿಗೆ ಹೋಗಾದು.
ಉಣುಗು ಸಣ್ಣದು ಸಾರ್, ಕಣ್ಣಿಗೆ ಬೀಳಾದಿಲ್ಲ."

ಜಗ್ಗು ಮೇಜಿನ ಮೇಲಿಟ್ಟು ಹೋದ.
ಪ್ರಾಂಶುಪಾಲರು ಗಡಿಯಾರ ನೋಡಿಕೊಂಡರು.

ನಾನು ಎದ್ದು ನಿಂತೆ ಅನ್ನುವುದು ಸುಳ್ಳು.
ಕಾಲು ಏಳಲಿಲ್ಲ. ಕೂತೇ ಅಂದೆ:
"ಒತ್ತಿದ್ದು ನಾನು."
ಇಷ್ಟು ಸಣ್ಣ ಮಾತು,
ಹದಿಮೂರು ದಿನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ.

ನಿಟ್ಟೂರಿನ ಹುಡುಗಿ ಮೂರನೇ ಸಾಲಿನಲ್ಲಿದ್ದಳು.
ಬೈಯುತ್ತಾಳೆ ಎಂದುಕೊಂಡೆ. ಕೇಳಿದಳು:
"ಆ ಇಮೇಲ್ ಹೇಗಿತ್ತು ಮೇಡಂ? ಒಮ್ಮೆ ಓದಿ ಹೇಳಿ.
ನಂಗೂ ಸ್ಕಾಲರ್‌ಶಿಪ್ಪಿಂದು ಒಂದು ಬಂದಿದೆ.
ಇನ್ನೂ ಒತ್ತಿಲ್ಲ."

ಅಂಕಗಳು ಇನ್ನೂ ಪೂರ್ತಿ ಸಿಕ್ಕಿಲ್ಲ.
ನನಗೆ ನೋಟೀಸು ಬಂತು. ಉತ್ತರ ಕೊಟ್ಟಿದ್ದೇನೆ,
ಅದೇ ದುಂಡನೆಯ ಅಕ್ಷರದಲ್ಲಿ.
ಬೋರ್ಡು ಇಳಿಸಿ ಅದರ ಬೆನ್ನಿಗೆ
ನಡೆದದ್ದನ್ನು ನಡೆದ ಹಾಗೆ ಬರೆದು ತೂಗುಹಾಕಿದೆ.
ಹಳದಿ ಚೀಟಿ ಹರಿದೆ.

ಈಗ ಯಾರು ಬಂದು ಕೇಳಿದರೂ ಹೇಳುತ್ತೇನೆ,
ಯಾವ ದಿನ, ಯಾವ ಅಕ್ಷರ, ಯಾವ ಬಸ್ಸಿನ ಅವಸರ.
ಹೊಸ ಪಾಸ್‌ವರ್ಡೊಂದು ಬಿಟ್ಟು
ಏನು ಬೇಕಾದರೂ ಕೇಳಿ.