ತೂಕದ ಪುಸ್ತಕದ ಅಂಚು

ಅಮ್ಮತ್ತಿಯ ಈ ತೋಟದಲ್ಲಿ ನನ್ನನ್ನು ರೈಟರು ಅನ್ನುತ್ತಾರೆ.
ಬರೆಯುವುದು ಇಷ್ಟೇ: ಹೆಸರು, ಚೀಲ, ಕಿಲೋ.
ಅದಕ್ಕೆ ಮುಂಚೆ ಆರು ವರ್ಷ ಮಠದಲ್ಲಿದ್ದೆ.
ಕೊನೆಯ ಪ್ರತಿಜ್ಞೆಗೆ ಹನ್ನೊಂದು ದಿನ ಇರುವಾಗ
ಟ್ರಂಕು ಹೊತ್ತು ಗೇಟು ದಾಟಿದೆ.

ಈಗಲೂ ಮೂರಕ್ಕೆ ಎಚ್ಚರ.
ಲೈನ್ ಮನೆಗಳ ಕಡೆ ಒಂದು ನಾಯಿ, ಅಷ್ಟೆ.
ಕೀರ್ತನೆಯ ಮೊದಲ ಸಾಲಿಗೆ ಬಾಯಿ ತೆರೆದು
ಮುಚ್ಚಿಕೊಳ್ಳುತ್ತದೆ.

ಫಾದರ್ ಸೆವೆರಿನ್ ಚರಿತ್ರೆ ಕಲಿಸುತ್ತಿದ್ದರು, ನಶ್ಯದ ಡಬ್ಬಿ ತಟ್ಟುತ್ತ:
ಇಗರ್ಜಿಯ ಗದ್ದಲ ಬೇಡವೆಂದು ಮರಳುಗಾಡಿಗೆ ಓಡಿದರಲ್ಲ,
ಇಗರ್ಜಿ ಅವರ ಹಿಂದೆಯೇ ಓಡಿತು.
ಅವರ ಗಂಟೆ ಕಿತ್ತುಕೊಂಡಿತು,
ಅವರ ಒಂಟಿ ಹಾಸಿಗೆಯನ್ನು ಪಾದ್ರಿಗಳಿಗೆಲ್ಲ ಹಾಸಿತು,
ಸಾಲದೆ, ಅವರಲ್ಲೇ ಒಬ್ಬನ ರಟ್ಟೆ ಹಿಡಿದು
ರೋಮಿನ ಪೀಠಕ್ಕೆ ಏರಿಸಿತು.

ಬಡತನದ ಪ್ರತಿಜ್ಞೆ ತೊಟ್ಟವರ ಕಣಜ
ಅಷ್ಟೊಂದು ತುಂಬಿದ್ದು ಹೇಗೆ ಫಾದರ್?

‘ಒಳಗೆ ಹಾಡುವವರು ಹಾಡಿದರು,
ಹೊರಗೆ ಗೇಯುವವರು ಗೇಯ್ದರು.
ಗೇಯುವವರಿಗೆ ಓದು ಬರುತ್ತಿರಲಿಲ್ಲ.’
ಆಮೇಲೆ ಒಂದು ದೊಡ್ಡ ಸೀನು.

ಇಲ್ಲಿ ಚೀಲಕ್ಕೆ ಎರಡು ಕಿಲೋ ಕಳೆಯಬೇಕು.
ಹಣ್ಣಿನ ಮೇಲಿನ ಇಬ್ಬನಿಗೆ, ಅನ್ನುತ್ತಾರೆ ಮ್ಯಾನೇಜರು,
ಮಧ್ಯಾಹ್ನದ ಬಿಸಿಲಲ್ಲಿ ನಿಂತು.
ಬೊಳ್ಳಿಯದು ಐವತ್ತೆಂಟು, ಬರೆ ಐವತ್ತಾರು.
ಅಸ್ಸಾಮಿನ ಸಲೇಹಾಳದು ಅರವತ್ತಮೂರು, ಬರೆ ಅರವತ್ತೊಂದು.
ಅವಳು ತಕ್ಕಡಿಯ ಕೊಕ್ಕೆಯನ್ನೇ ನೋಡುತ್ತಾಳೆ,
ನನ್ನನ್ನಲ್ಲ.

ಶನಿವಾರ ಬಸ್ಸು ಹತ್ತಿ ವಿರಾಜಪೇಟೆಗೆ ಹೋದೆ.
ಜಾಲರಿಯ ಆಚೆ ಒಂದು ಕಿವಿ.
ಈ ಪಿಸುಮಾತೂ ಮಠದ್ದೇ:
ಐರ್ಲೆಂಡಿನ ಗಾಳಿಹೊಡೆತದ ದಡಗಳಲ್ಲಿ ಸನ್ಯಾಸಿಗಳು
ಒಬ್ಬರ ಕಿವಿಯಲ್ಲೊಬ್ಬರು ಇಳಿಸಿಟ್ಟದ್ದು ಊರೂರಿಗೆ ಹಬ್ಬಿತು.
ಅವರ ಹತ್ತಿರ ದರಪಟ್ಟಿ ಇತ್ತು.
ಸುಳ್ಳಿಗೆ ಇಷ್ಟು ದಿನ ರೊಟ್ಟಿ, ನೀರು;
ಕಳವಿಗೆ ಇಷ್ಟು, ಮತ್ತು ಕದ್ದದ್ದು ವಾಪಸು.

ಎರಡು ಕಿಲೋಗೆ ಎಷ್ಟು ಫಾದರ್, ಕೇಳಿದೆ.
ಹೊಸಬರು. ಎಳೆ ದನಿ.
‘ಮೂರು ನಮೋ ಮರಿಯಾ ಹೇಳಿ,’ ಅಂದರು,
‘ಮುಂದಿನವರನ್ನು ಕಳಿಸಿ.’

ಮೂರೂ ಬಸ್ಸಿನಲ್ಲೇ ಮುಗಿದವು, ಬಿಟ್ಟಂಗಾಲ ಬರುವ ಮೊದಲೇ.

ಕುರಿಚರ್ಮದ ಮೇಲೆ ವೇದವಾಕ್ಯ ನಕಲು ಮಾಡುತ್ತಿದ್ದವರು
ಅಂಚಿನಲ್ಲಿ ಕದ್ದು ಬರೆಯುತ್ತಿದ್ದರಂತೆ:
ಬೆರಳು ಸೆಟೆದಿದೆ. ಮಸಿ ಸರಿಯಿಲ್ಲ. ಹಸಿವು.
ನಡುವಿನದು ದೇವರ ಮಾತು,
ಚಳಿ ಮಾತ್ರ ಅವರದ್ದು.

ಮೂರಕ್ಕೆ ಎದ್ದು ತೂಕದ ಪುಸ್ತಕ ತೆರೆದಿದ್ದೇನೆ.
ಕೆಂಪು ಗೆರೆಯ ಆಚೆ, ಪೆನ್ಸಿಲಿನಲ್ಲಿ
(ಪೆನ್ನು ಹಿಡಿಯುವ ಧೈರ್ಯ ಇನ್ನೂ ಬಂದಿಲ್ಲ)
ಬೊಳ್ಳಿ ೨. ಸಲೇಹಾ ೨.
ಕರ್ಪಿ ೨, ನಿನ್ನೆಯದೂ ಸೇರಿ ೪.
ಡಿಸೆಂಬರಿನಿಂದ ಶುರು ಮಾಡಬೇಕಿತ್ತು. ಹಾಳೆ ತಿರುವುತ್ತೇನೆ.

ಐದೂವರೆಗೆ ತೋಟದ ಗಂಟೆ:
ರೈಲೇ ಇಲ್ಲದ ನಾಡಿನಲ್ಲಿ
ಹಲಸಿನ ಕೊಂಬೆಗೆ ನೇತುಹಾಕಿದ ರೈಲು ಕಂಬಿಯ ತುಂಡು.
ಬಡಿದ ಕೂಡಲೇ ನನ್ನ ಮಂಡಿ ನೆಲಕ್ಕೆ ಬಾಗುತ್ತದೆ,
ಹಳೆಯ ಚಾಳಿ.
ಬಾಗಿಲಲ್ಲಿ ಕಾವಲಿನ ಹುಡುಗ ನಿಂತಿದ್ದಾನೆ.
ರಬ್ಬರು ಬಿತ್ತು ಕಣೋ, ಅನ್ನುತ್ತೇನೆ,
ಮೇಜಿನ ಕೆಳಗೆ ಕೈಯಾಡಿಸುತ್ತ.