ಇದ್ದೀಯಾ

ಆ ಪುಟ್ಟ ಸಲಕರಣೆಗೆ ಬರುವುದು ಒಂದೇ ಪ್ರಶ್ನೆ:
ಇದ್ದೀಯಾ?
ತಂತಿಯಾಚೆಯ ಯಂತ್ರ ಇದ್ದೇನೆ ಅಂದರೆ
ಬರೆದುಕೊಂಡು, ಹಿಡಿದ ಹೊತ್ತು ಎಣಿಸಿ, ಸುಮ್ಮನಾಗುತ್ತದೆ.
ಇಪ್ಪತ್ತೊಂಬತ್ತು ವರ್ಷ ಹೀಗೇ.

ಔಲು ಪಟ್ಟಣದಲ್ಲಿ ಜನವರಿ. ಮೂರಕ್ಕೇ ಕಿಟಕಿ ಕಪ್ಪು.
ಹೆಲ್ಕಾ ಬೇಕೆಂದೇ ಒಂದು ಬಾಯಿಬಡುಕ ಯಂತ್ರವನ್ನು ಎದುರು ಕೂರಿಸಿ
ಉತ್ತರ ಉದ್ದ ಮಾಡಿಸುತ್ತಿದ್ದಾಳೆ:
ಇದ್ದೇನೇನೇನೇನೇನೇನೇ
ಅರವತ್ತನಾಲ್ಕು ಅಕ್ಷರಕ್ಕೆಂದು ಹಾಸಿಟ್ಟ ಜಾಗ.
ಅರವತ್ತೈದನೆಯದು ಬಾಗಿಲು ತಟ್ಟಲಿಲ್ಲ,
ಪಕ್ಕದ ಮನೆ ಹೊಕ್ಕಿತು.

ತುಂಬಿದ ಕೊಡ ತುಳುಕುವುದಿಲ್ಲವಂತೆ.
ತುಳುಕಿದ್ದರೆ ಸದ್ದಾದರೂ ಆಗುತ್ತಿತ್ತು.

ಈ ಊರು ಒಮ್ಮೆ ಪೈನ್ ಮರದ ಡಾಂಬರು ಮಾರಿ ಬದುಕಿತ್ತು.
ಪ್ರತಿ ಪೀಪಾಯಿಯ ಬಾಯಿಗೂ ಕೋಲಿಳಿಸಿ ಅಳೆಯುವವನೊಬ್ಬ
ಬಂದರಿನಲ್ಲಿ ನಿಂತಿರುತ್ತಿದ್ದ.
ಬೂಟು ಕಪ್ಪು, ಉಗುರು ಕಪ್ಪು, ಬೈಗುಳವೂ ಕಪ್ಪು.
ಈ ಸಾಲಿನ ಬಾಯಲ್ಲಿ ಅಂಥವನನ್ನು ನಿಲ್ಲಿಸಿರಲಿಲ್ಲ.

ಪಕ್ಕದ ಮನೆಯಲ್ಲಿ ಇದ್ದದ್ದು ಒಂದೇ ಚೀಟಿ,
ಕೆಲಸ ಮುಗಿಸಿ ಮರಳಬೇಕಾದ ವಿಳಾಸ.
ಅದರ ಮೇಲೆ ಯಾರದೋ ಅಕ್ಷರ ಬಿದ್ದು
ಸಲಕರಣೆ ವಿಧೇಯವಾಗಿ
ಕಂಡರಿಯದವನ ಜಗಲಿ ಹತ್ತಿ
ಇಡೀ ಅರಮನೆಯ ಬೀಗದಕೈ ಗೊಂಚಲು
ಅವನ ಮುಂದಿಟ್ಟು ನಿಂತಿತು.

ಹೆಲ್ಕಾಳ ಕಾಫಿ ಆರಿತ್ತು.
ಸಾಲು ಬರೆದವನ ಹೆಸರು ಕಡತದ ತಲೆಯಲ್ಲೇ ಇದೆ:
ಕೌಕೊ ರಾಂತಾಕಂಗಸ್. ಈಗ ನಿವೃತ್ತ.
ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು
ಮಡಚುವ ಕುರ್ಚಿಯಲ್ಲಿ ಮೀನಿಗೆ ಕಾಯುತ್ತಾನೆ.

ರಿಪೇರಿಯೂ ಒಂದೇ ಸಾಲು.
ಮೊದಲು ಉದ್ದ ಕೇಳು, ಮಿಕ್ಕಿದ್ದನ್ನು ಬಿಡು.
ಬರೆದಳು. ಎರಡು ಸಲ ಓದಿದಳು. ಫೋನೆತ್ತಿದಳು.
ಇದ್ದೀರಾ?

ಇದ್ದೇನೆ, ಅಂದ ಕೌಕೊ. ಅಲ್ಲಿಗೆ ನಿಲ್ಲಿಸಲಿಲ್ಲ.
ಅರವತ್ತನಾಲ್ಕೇ? ಆಗ ಅಷ್ಟುದ್ದ ಯಾರು ಮಾತಾಡುತ್ತಿದ್ದರು,
ಮೆಮೊರಿ ತುಟ್ಟಿ, ಒಂದೊಂದು ಬೈಟನ್ನೂ ಕೇಸರಿಯ ಹಾಗೆ ಉದುರಿಸುತ್ತಿದ್ದೆವು,
ಮೊಣಕಾಲು ಸರಿಯಿಲ್ಲ, ಐಲಿಯನ್ನು ಮಣ್ಣು ಮಾಡುವಾಗ ಹನ್ನೊಂದೇ ಜನ,
ಈ ಸಲ ಮಂಜುಗಡ್ಡೆ ತೆಳು, ಕಾಲಡಿ ಮಾತಾಡುತ್ತದೆ,
ಆ ಸಾಲು ಬರೆದ ರಾತ್ರಿ ಮಗಳಿಗೆ ಜ್ವರವಿತ್ತು,
ಅಲ್ಲ, ಅದು ಬೇರೆ ರಾತ್ರಿಯೇನೋ,
ತಡಿ, ಗಾಳ ಅಲುಗಿತು…

ಹೆಲ್ಕಾ ಉದ್ದ ಕೇಳಲಿಲ್ಲ.
ಪರದೆಯಲ್ಲಿ ಕರ್ಸರ್ ಮಿಣುಕುತ್ತಿತ್ತು.
ತಿದ್ದುಪಡಿ ಇನ್ನೂ ಕಳಿಸಿರಲಿಲ್ಲ.