ಖೋಲಿ ಬಾಡಿಗಿ ಕೊಡಾಕಿಗೆ

ಕೀಲಿಕೈ ಗೊಂಚಲ ಆಮ್ಯಾಲೆ. ಮೊದಲ ಈ ವಹಿ ತಗೋ, ಚಂದ್ರಭಾಗಾ.
ಮ್ಯಾಲಿನ ಒಡಕ ಕೀಲಿ ಅತ್ತಾಗ ಸರಸು,
ಹಾಳಿ ಗಾಳಿಗೆ ಹಾರತಾವಂತ ಇಟ್ಟೀನಿ.
ಯಾರು ಎಷ್ಟು ಕೊಟ್ಟರು, ಎಷ್ಟು ಉಳೀತು,
ಯಾವ ತಿಂಗಳ ಯಾರ ಕೂಸಿಗೆ ಜ್ವರ ಬಂದಿತ್ತು,
ಎಲ್ಲಾ ಇದರಾಗ ಅದ.
ಬಾಯಿಮಾತಿಗೆ ಕಾಲು ಬರತಾವ, ಬರದದ್ದು ಕುಂತಲ್ಲೇ ಕುಂತಿರತದ.

ಪಾವತಿ ಕೊಡು. ನೂರು ರೂಪಾಯಿ ಈಸಗೊಂಡರೂ ಹರದು ಕೊಡು.
"ನಾವೇನ ಹೊರಗಿನವರೇನು?" ಅಂತ ನಗತಾರ.
ನೀನೂ ನಗು, ನಕ್ಕೊಂತ ಕೊಡು.

ಕರಾರು ಹನ್ನೊಂದು ತಿಂಗಳಿಂದು. ಕಾಗದ ಮರಾಠಿ ಒಳಗ ಇರತದ,
ಅವರ ಭಾಷಾದಾಗ ಓದಿ ಹೇಳು.
ತೆಲುಗು ಮಂದಿ ಬಂದರ ಮೂರನೇ ಖೋಲಿ ರಾಜಮಣಿ ಹೇಳತಾಳ,
ಒಂದು ಕಪ್ಪು ಚಾ ಆಕಿಗೆ.
ಹೆಬ್ಬಟ್ಟು ಒತ್ತೂ ಮೊದಲ ಗೊತ್ತಾಗಲಿ ಯಾತಕ್ಕ ಒತ್ತತೀನಿ ಅಂತ.
ಪೊಲೀಸ ಚೌಕಿಗೆ ಹೆಸರು ಕೊಟ್ಟು ಬಾ. ಜಾತಿ ಕೇಳಬ್ಯಾಡ.
ಒಣಮೀನ ವಾಸನಿ ಅಂತ ಯಾರರ ತಕರಾರ ತಂದರ ಹೇಳು:
ಬಾಡಿಗಿ ಗ್ವಾಡಿಗೆ ಈಸಗೊಂಡೀನಿ, ಒಲಿಗಲ್ಲ.

ನೀರು ನಾಕು ದಿನಕ್ಕೊಮ್ಮೆ, ಅದೂ ನಸಿಕಿನ್ಯಾಗ.
ಒಂದ ನಳ, ನಾಕು ಡ್ರಮ್ಮು.
ಪಾಳಿ ಯಾರದಂತ ಇದ್ದಲಿಲೆ ಗ್ವಾಡಿ ಮ್ಯಾಲೆ ಬರದೀನಿ.
ನಿನ್ನ ಡ್ರಮ್ಮು ಕಡೀಕ ಇಡು.
ಮಾಲಕಿ ಕಡೀಕ ತುಂಬಿಕೊಂಡರ ಓಣ್ಯಾಗ ಯಾರೂ ಬಾಯಿ ಮಾಡೂದಿಲ್ಲ.

ಮೀಟರ ಬ್ಯಾರೆ ಬ್ಯಾರೆ ಹಚ್ಚಸು, ರೊಕ್ಕ ಹೋದರ ಹೋಗಲಿ.
ಒಂದ ಮೀಟರ ಇದ್ದಾಗ, ಮಧ್ಯಾಹ್ನದಾಗ ಯಾರ ಫ್ಯಾನು ತಿರಗತದ ಅಂತ
ಎಂಟು ವರ್ಷ ಮಂದಿ ಕಿಡಕ್ಯಾಗ ಇಣುಕಿದಾಕಿ ನಾನು.
ಸೊಲ್ಲಾಪುರದ ವೈಶಾಖದಾಗ, ಪತ್ರಾದ ಕೆಳಗ,
ರಾತ್ರಿಪಾಳಿ ಮಗ್ಗದಿಂದ ಬಂದವ ಮಲಗಬಾರದೇನು?

ಮಿರಗದ ಮಳಿಗಿಂತ ಮೊದಲ ಪತ್ರಾದ ತೂತಿಗೆ ಡಾಂಬರ ಹಚ್ಚಸು.
ಸೋರೂ ಖೋಲ್ಯಾಗ ನಿಂತು ಬಾಡಿಗಿ ಕೇಳಬ್ಯಾಡ,
ನಿನ್ನ ನೆತ್ತಿ ಮ್ಯಾಲೂ ಬೀಳತದ.

ಡಿಪಾಜಿಟ್ಟು ನಿನ್ನ ರೊಕ್ಕ ಅಲ್ಲ.
ನಾ ತಿಂದೆ. ತಮ್ಮನ ಲಗ್ನಕ್ಕ ಪಾತಳಾ ತಗೊಂಡೆ.
ಅವರು ಖೋಲಿ ಬಿಟ್ಟ ದಿನ ಕಿವ್ಯಾಗಿನವು ಒತ್ತಿ ಇಟ್ಟೆ.

ಇನ್ನ, ನಲವತ್ತನೇ ಹಾಳಿ ತಗಿ. ಗಾಜುಲ ಅಂಬಾದಾಸ.
ಟಾವೆಲ್ ಕಾರಖಾನಿ ಬಂದಾಗಿ ಮೂರು ತಿಂಗಳ ಬಾಕಿ.
ಮಂದಿ ಮಾತು ಕೇಳಿ, ಅವ ಕೆಲಸ ಹುಡಕಲಿಕ್ಕೆ ಹೋದಾಗ
ಅವನ ಕೀಲಿ ಮ್ಯಾಲೆ ನನ್ನ ಕೀಲಿ ಜಡದೆ.
ಸಾಲಿಯಿಂದ ಬಂದ ಹುಡಿಗಿ ಹೊಚ್ಚಲ ಮ್ಯಾಲೆ ಕುಂತಳು.
ಅಳಲಿಲ್ಲ. "ಪುಸ್ತಕ ಒಳಗದ ಆಯಿ, ನಾಳೆ ಭೂಗೋಳ" ಅಂದಳು.
ಕೀಲಿಕೈ ಹುಡಕಿದೆ. ಹಿಟ್ಟಿನ ಡಬ್ಬಿ, ದೀಪದ ಮಾಡ, ಹಾಸಿಗಿ ಕೆಳಗ,
ಖರೇನ ಸಿಗಲಿಲ್ಲ ಚಂದ್ರಭಾಗಾ, ಈಗೂ ಯಾರೂ ನಂಬೂದಿಲ್ಲ.
ಕಡೀಕ ಖಾರ ಕುಟ್ಟೂ ಕಲ್ಲು ತಂದು ನನ್ನ ಕೀಲಿ ನಾನ ಒಡದೆ.
ಐದು ಪೆಟ್ಟು. ಓಣಿ ಎಲ್ಲಾ ಹೊರಗ ಬಂತು.
ಅವರ ಕೀಲಿ ಹಂಗ ಇತ್ತು.
ಹುಡಿಗಿ ಕೊಳ್ಳಾಗಿನ ದಾರ ಜಗ್ಗಿ, ತನ್ನ ಕೀಲಿಕೈ ಹಾಕಿ ತಗದಳು.
ಬಾಕಿ ತಿಂಗಳಿಗೆ ಇನ್ನೂರರಂಗ ತೀರಸಿದ, ವರ್ಷತನಕ.
ನೋಡು, ಹನ್ನೆರಡು ಸಲ ಬರದದ.
ಆ ವರ್ಷ ಅವ ನನ್ನ ಮಾರಿ ಒಮ್ಮೆನೂ ನೋಡಲಿಲ್ಲ.

ಬಿಡಸೂದಿದ್ದರ ನೋಟೀಸು ಕೊಡು, ತಿಂಗಳ ಮುಂಚೆ ಕೊಡು,
ಬಾಗಲಾ ಬಡದು ಎದುರ ನಿಂತು ಹೇಳು.
ಉಣ್ಣೂ ಹೊತ್ತಿಗೆ ಹೋಗಬ್ಯಾಡ.

ಹಿಡಿ, ಇವು ಕೀಲಿಕೈ. ಸಣ್ಣದು ಮೀಟರ ಪೆಟ್ಟಿಗಿದು.
ಈ ತುಕ್ಕು ಹಿಡದದ್ದು ಯಾವುದೋ ನನಗೂ ಗೊತ್ತಿಲ್ಲ, ಆಮ್ಯಾಲೆ ಸಿಕ್ಕಿತು,
ಇರಲಿ ಬಿಡು.
ಎರಡನೇ ಖೋಲಿ ಮೋರಿ ಕಟಗೊಂಡದ,
ಚಾ ಕುಡದು ಮೊದಲ ಅದನ್ನ ನೋಡಿ ಬಾ.